ವಿಶೇಷ ಅಗತ್ಯದ ಮಗುವಿಗೆ ಫೋಸ್ಟರ್ ಪೋಷಕರಾಗುವುದು ಹೇಗೆ?

ದತ್ತು ಬೇರೆ, ಫೋಸ್ಟರ್ ಕೇರ್ ಬೇರೆ. ದತ್ತು ಪಡೆದರೆ ಮಗು ಕಾನೂನಿನಂತೆ ನಿಮ್ಮದೇ. ಫೋಸ್ಟರ್ ಕೇರ್‌ನಲ್ಲಿ ಮಗು ನಿಮ್ಮ ಮನೆಯಲ್ಲಿ ಬೆಳೆಯುತ್ತದೆ, ಆದರೆ ಹೆತ್ತವರಿಗೆ ನೋಡಿಕೊಳ್ಳುವ ಸ್ಥಿತಿ ಬಂದರೆ ವಾಪಸ್ ಹೋಗಲೂಬಹುದು. ಇದಕ್ಕೆ ಮನಸ್ಸು ಒಪ್ಪದಿದ್ದರೆ ದತ್ತಿನ ದಾರಿಯನ್ನೇ ನೋಡಿ.

ಮೊದಲು ಅರ್ಹತೆ. 2024ರ ಕೇಂದ್ರ ಮಾರ್ಗಸೂಚಿ ಪ್ರಕಾರ ಒಂಟಿಯಾಗಿರುವವರೂ ಫೋಸ್ಟರ್ ಪೋಷಕರಾಗಬಹುದು; ಅವರ ವಯಸ್ಸು 35ರಿಂದ 60ರ ಒಳಗಿರಬೇಕು. ಒಂಟಿ ಗಂಡಸಿಗೆ ಗಂಡುಮಗುವನ್ನು ಮಾತ್ರ ಕೊಡುತ್ತಾರೆ. ದಂಪತಿಯಾದರೆ ಕನಿಷ್ಠ 2 ವರ್ಷ ಸಂಸಾರ ಮಾಡಿರಬೇಕು.

ಅರ್ಜಿಗೆ ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕೇಳಿ. ಆಮೇಲೆ ಮನೆ ನೋಡಲು ಬರುತ್ತಾರೆ. ಅದಕ್ಕಾಗಿ ಸುಣ್ಣಬಣ್ಣ ಹೊಡೆಸಬೇಕಿಲ್ಲ! ಇಬ್ಬರೂ ಕೆಲಸಕ್ಕೆ ಹೋದರೆ ಥೆರಪಿಗೆ ಯಾರು ಕರೆದೊಯ್ಯುತ್ತಾರೆ, ಮನೆಯ ಹಿರಿಯರು ಏನಂತಾರೆ, ಸ್ವಂತ ಮಕ್ಕಳು ಒಪ್ಪಿದ್ದಾರಾ: ಈ ಪ್ರಶ್ನೆಗಳಿಗೆ ಉತ್ತರ ಇಟ್ಟುಕೊಳ್ಳಿ. ಆಗದ್ದನ್ನು ಆಗಲ್ಲ ಎಂದೇ ಹೇಳಿ. ಕೊನೆಯ ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. ಪರಿಚಯದ ಆಶ್ರಮ ಎಂದು ಸುಮ್ನೆ ಮಗುವನ್ನು ಕರೆತರುವ ಹಾಗಿಲ್ಲ.

ಮಗು ಬರುವ ಮೊದಲೇ ಅದರ ಫೈಲ್ ಕೇಳಿ ಓದಿ. ಫಿಟ್ಸ್ ಇದೆಯಾ? ಮಾತ್ರೆ ಯಾವುದು, ಎಷ್ಟು ಹೊತ್ತಿಗೆ? ಫೈಲ್‌ಗಿಂತ ಜಾಸ್ತಿ ಗೊತ್ತಿರುವುದು ಮಗು ಈಗಿರುವ ಆಶ್ರಮದಲ್ಲಿ ದಿನವೂ ಊಟ ಮಾಡಿಸುವ ಆಯಾಗೆ. ಅವರ ಜೊತೆ ಕೂತು ಮಾತಾಡಿ.

ಮೊದಲ ವಾರಗಳೇ ಕಷ್ಟ. ಆಟಿಸಂ ಇರುವ ಮಗು ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಕಿರುಚಬಹುದು. ಅದು ಹಠವಲ್ಲ, ಆ ಸದ್ದು ನಿಜಕ್ಕೂ ತಡೆಯಲಾಗದಷ್ಟು ಜೋರಾಗಿ ಕೇಳುತ್ತದೆ. ಚಟ್ನಿ ರುಬ್ಬುವ ಮುಂಚೆ ಮಿಕ್ಸಿಯ ಚಿತ್ರ ತೋರಿಸಿ, ಪಕ್ಕದ ರೂಮಿಗೆ ಕಳಿಸಿ, ಆಮೇಲೆ ಸ್ವಿಚ್ ಹಾಕಿ. ಹಸಿವು ಕಂಡ ಮಗು ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡಬಹುದು. ಬೈಯಬೇಡಿ. ಕೈಗೆ ಸಿಗುವ ಕಡೆ ಒಂದು ಡಬ್ಬಿ ಬಿಸ್ಕತ್ತು ಇಡಿ, ‘ಇದು ನಿಂದೇ’ ಎನ್ನಿ. ನೆಂಟರನ್ನು ಕರೆದು ಮಗು ತೋರಿಸುವ ಸಂಭ್ರಮವನ್ನು ಮಾತ್ರ ದಯವಿಟ್ಟು ಮುಂದಕ್ಕೆ ಹಾಕಿ.

ದುಡ್ಡಿನ ಮಾತು: ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ‘ಮಿಷನ್ ವಾತ್ಸಲ್ಯ’ದಡಿ ತಿಂಗಳಿಗೆ 4,000 ರೂಪಾಯಿ ನೆರವಿದೆ. ಖಾಸಗಿ ಥೆರಪಿಗೆ ಹೋದರೆ ಅದು ಯಾವ ಮೂಲೆಗೂ ಸಾಲದು. ಸರ್ಕಾರಿ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಮಾತು-ಶ್ರವಣದ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೆ. ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಇದ್ದರೆ 1 ಲಕ್ಷದವರೆಗಿನ ‘ನಿರಾಮಯ’ ಆರೋಗ್ಯ ವಿಮೆಯ ಬಗ್ಗೆ ವಿಚಾರಿಸಿ.

ಬಾಲ ನ್ಯಾಯ ಕಾಯ್ದೆಯಂತೆ ಪ್ರತಿ ತಿಂಗಳು ಮಕ್ಕಳ ಕಲ್ಯಾಣ ಸಮಿತಿಯ ಪರಿಶೀಲನೆ ಇರುತ್ತದೆ. ಆ ದಿನ ‘ಎಲ್ಲಾ ಚೆನ್ನಾಗಿದೆ’ ಎಂದು ಟೀ ಕೊಟ್ಟು ಕಳಿಸಬೇಡಿ. ರಾತ್ರಿ ನಿದ್ದೆ ಇಲ್ಲ, ಶಾಲೆಯವರು ಸೇರಿಸಿಕೊಳ್ಳುತ್ತಿಲ್ಲ ಎನ್ನುವುದನ್ನು ಅವತ್ತೇ ಹೇಳಿ, ಬರಹದಲ್ಲೂ ಕೊಡಿ.