ಡಿಫ್ ಲಾಕ್: ಯಾವುದು ಬೇಕು, ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು

ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಇದು ಮಾಮೂಲು. ಫೋರ್ ವೀಲ್ ಹಾಕಿದ್ದರೂ ಜೀಪು ಕೊರಕಲಿನಲ್ಲಿ ನಿಂತಲ್ಲೇ ನಿಲ್ಲುತ್ತದೆ. ಮುಂದಿನ ಎಡಚಕ್ರ ಮತ್ತು ಹಿಂದಿನ ಬಲಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತವೆ. ನೆಲಕ್ಕೆ ಊರಿಕೊಂಡಿರುವ ಉಳಿದೆರಡು ಅಲುಗುವುದೇ ಇಲ್ಲ. ಎಂಜಿನ್‌ಗೆ ಶಕ್ತಿ ಸಾಲದೆ ಹೀಗಾಗುವುದಲ್ಲ. ತಿರುವಿನಲ್ಲಿ ಎಡಬಲ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆಯೇ ಡಿಫರೆನ್ಶಿಯಲ್ (ಡಿಫ್). ಲಾಕ್ ಇಲ್ಲದ ಓಪನ್ ಡಿಫರೆನ್ಶಿಯಲ್ ಎಡಬಲ ಚಕ್ರಗಳಿಗೆ ಬಲವನ್ನು ಸಮಸಮನಾಗಿ ಹಂಚುತ್ತದೆ. ಗಾಳಿಯಲ್ಲಿರುವ ಚಕ್ರ ತಿರುಗಲು ಬೇಕಾದ ಬಲ ಬಹಳ ಕಡಿಮೆ, ಇನ್ನೊಂದು ಬದಿಗೂ ಅಷ್ಟೇ ಸಿಗುತ್ತದೆ.

ಡಿಫ್ ಲಾಕ್ ಹಾಕಿದರೆ ಎರಡೂ ಬದಿಯ ಆಕ್ಸಲ್ (ಚಕ್ರ ತಿರುಗಿಸುವ ದಂಡ) ಒಂದೇ ವೇಗದಲ್ಲಿ ತಿರುಗಲೇಬೇಕು. ಆಗ ಹಿಡಿತ ಇರುವ ಚಕ್ರಕ್ಕೆ ಬಲ ಹೋಗುತ್ತದೆ. ಆದರೆ ತಿರುವಿನಲ್ಲಿ ಇದೇ ಮುಳುವಾಗುತ್ತದೆ. ಎಡಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿದೆ ಎಂದುಕೊಳ್ಳಿ. ಗಾಡಿ ಒಂದು ಪೂರ್ತಿ ಸುತ್ತು ಹಾಕಿದರೆ ಹೊರಗಿನ ಚಕ್ರ ಒಳಗಿನದ್ದಕ್ಕಿಂತ ಸುಮಾರು 9.4 ಮೀಟರ್ ಹೆಚ್ಚು ಓಡಬೇಕು. ಕೆಸರಿನಲ್ಲಿ ಟೈರ್ ಜಾರಿ ಲೆಕ್ಕ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಜಾಗವಿಲ್ಲ. ಟೈರ್ ಸವೆಯುತ್ತದೆ, ಇಲ್ಲವೇ ಆಕ್ಸಲ್ ಮುರಿಯುತ್ತದೆ.

ಆಯ್ಕೆ

ಲಾಕ್‌ಗೆ ದುಡ್ಡು ಹಾಕುವ ಮೊದಲು ಟೈರ್ ನೋಡಿ. ಸವೆದ ಹೈವೇ ಟೈರಿಗೆ ಲಾಕ್ ಹಾಕಿಸಿದರೆ ಒಂದು ಚಕ್ರದ ಬದಲು ಎರಡು ಚಕ್ರ ಸುಮ್ಮನೆ ತಿರುಗುತ್ತವೆ, ಅಷ್ಟೇ. ಒಳ್ಳೆಯ ಟೈರ್ ಆದಮೇಲೆ ಹಿಂದಿನ ಲಾಕ್, ಅದೂ ಸಾಲದಿದ್ದರೆ ಮುಂದಿನದು. ತೋಟದ ಓಡಾಟಕ್ಕೆ ಹಿಂದಿನದೊಂದೇ ಧಾರಾಳ.

ಮಾರುತಿ ಜಿಮ್ನಿಯಲ್ಲಿರುವುದು ನಿಜವಾದ ಲಾಕ್ ಅಲ್ಲ. ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಕಳಿಸುವ ವ್ಯವಸ್ಥೆ ಅದು. ಬಳಕೆಗೆ ಸುಲಭ, ತಿರುವಿನಲ್ಲೂ ತೊಂದರೆ ಕೊಡದು. ಆದರೆ ಚಕ್ರ ಜಾರಿದ ಮೇಲಷ್ಟೇ ಕೆಲಸ ಮಾಡುತ್ತದೆ, ಉದ್ದದ ಏರಿನಲ್ಲಿ ಬ್ರೇಕ್ ಬಿಸಿಯಾಗುತ್ತದೆ. 2020ರ ನಂತರದ ಮಹೀಂದ್ರ ಥಾರ್‌ನ ಕೆಲವು ಮಾದರಿಗಳಲ್ಲಿ ಹಿಂದೆ ತಾನಾಗಿ ಬೀಳುವ ಮೆಕ್ಯಾನಿಕಲ್ ಲಾಕ್ ಇದೆ. ಥಾರ್ ರಾಕ್ಸ್ ಫೋರ್ ವೀಲ್ ಮತ್ತು ಟೊಯೊಟಾ ಹೈಲಕ್ಸ್‌ನಲ್ಲಿ ಹಿಂದಿನ ಲಾಕ್‌ಗೆ ಸ್ವಿಚ್ ಇದೆ. ಫೋರ್ಸ್ ಗೂರ್ಖಾದಲ್ಲಿ ಹಿಂದೆ, ಮುಂದೆ ಎರಡಕ್ಕೂ ಚಾಲಕ ತಾನೇ ಹಾಕುವ ಲಾಕ್ ಕಂಪನಿಯಿಂದಲೇ ಬರುತ್ತದೆ.

ಹೊರಗಿನಿಂದ ಹಾಕಿಸುವುದಾದರೆ ಆಕ್ಸಲ್‌ನ ಸ್ಪ್ಲೈನ್ (ತುದಿಯ ಗೀರುಹಲ್ಲು) ಸಂಖ್ಯೆ ಮತ್ತು ಕ್ರೌನ್–ಪಿನಿಯನ್ (ಡಿಫ್ ತಿರುಗಿಸುವ ಗೇರ್ ಜೋಡಿ) ಅನುಪಾತ ಎರಡನ್ನೂ ಹೇಳಿಯೇ ಆರ್ಡರ್ ಕೊಡಿ. ಜೋಡಿಸುವಾಗ ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜ್ ಇಟ್ಟು ಅಳೆಯಬೇಕು, ಬಣ್ಣ ಹಚ್ಚಿ ಹಲ್ಲು ಎಲ್ಲಿ ತಾಗುತ್ತದೆಂದು ನೋಡಬೇಕು. ‘ಕೈಯಲ್ಲೇ ಗೊತ್ತಾಗುತ್ತೆ ಸಾರ್’ ಎನ್ನುವ ಗ್ಯಾರೇಜಿಗೆ ಗಾಡಿ ಬಿಡಬೇಡಿ. ಅಂಥ ಕೆಲಸದ ಫಲ ಅರವತ್ತರ ವೇಗದಲ್ಲಿ ಊಳಿಡುವ ಹೌಸಿಂಗ್ (ಡಿಫ್ ಕೂರುವ ಹೊರಕವಚ).

ಬಳಕೆ: ಕೈಯಿಂದ ಹಾಕುವ ಲಾಕ್

1. ಟೈರ್ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿ. ಗಾಳಿ ತುಂಬುವ ಪಂಪ್ ಇಲ್ಲದೆ ಇಳಿಸಬೇಡಿ. ಗಾಳಿ ಇಳಿಸಿದರೆ ಎಷ್ಟೋ ಸಲ ಲಾಕ್‌ನ ಅಗತ್ಯವೇ ಬೀಳುವುದಿಲ್ಲ.

2. ಅಡಚಣೆಗೆ ಮೊದಲೇ ಗಾಡಿ ನಿಲ್ಲಿಸಿ, ಇಳಿದು ನಡೆದು ನೋಡಿ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರ್) ಹಾಕಿ.

3. ಸ್ಟಿಯರಿಂಗ್ ನೇರ ಮಾಡಿ ಹಿಂದಿನ ಲಾಕ್ ಹಾಕಿ. ಡ್ಯಾಶ್‌ಬೋರ್ಡಿನ ಲಾಕ್ ದೀಪ ಮಿನುಗುತ್ತಿದ್ದರೆ ಒಳಗಿನ ಹಲ್ಲುಗಳು ಇನ್ನೂ ಕೂತಿಲ್ಲ. ಒಂದೆರಡು ಅಡಿ ಮೆಲ್ಲಗೆ ಮುಂದೆ ಹೋಗಿ, ಸ್ಟಿಯರಿಂಗ್ ಅತ್ತಿತ್ತ ಸ್ವಲ್ಪ ಆಡಿಸಿ. ದೀಪ ಸ್ಥಿರವಾದರೆ ಲಾಕ್ ಬಿದ್ದಿದೆ. ಚಕ್ರ ಗಿರಗಿರ ತಿರುಗುತ್ತಿರುವಾಗ ಮಾತ್ರ ಎಂದೂ ಹಾಕಬಾರದು. ನಿಂತ ಹಲ್ಲಿಗೆ ಓಡುವ ಹಲ್ಲು ಬಡಿದು ಮುರಿಯುವುದು ಹೀಗೆಯೇ.

4. ನಡಿಗೆಯ ವೇಗದಲ್ಲಿ, ಒಂದೇ ಸಮನೆ ಆಕ್ಸಿಲರೇಟರ್ ಒತ್ತಿ ದಾಟಿ.

5. ಮುಂದಿನ ಲಾಕ್ ಕಡೆಯ ಅಸ್ತ್ರ. ಅದು ಬಿದ್ದ ಮೇಲೆ ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯುತ್ತದೆ. ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಸಿವಿ ಜಾಯಿಂಟ್ (ತಿರುಗುವ ಮುಂಚಕ್ರಕ್ಕೆ ಬಲ ಒಯ್ಯುವ ಕೀಲು) ಕಳಚುವ ಸಾಧ್ಯತೆ ಹೆಚ್ಚು. ನೇರ ಹೋಗುವಾಗ ಮಾತ್ರ ಬಳಸಿ.

6. ಅಡಚಣೆ ದಾಟಿದ ಕೂಡಲೇ ಮುಂದಿನದು, ಆಮೇಲೆ ಹಿಂದಿನದು ತೆಗೆಯಿರಿ. ದೀಪ ಆರದಿದ್ದರೆ ಹಲ್ಲುಗಳ ಮೇಲೆ ಒತ್ತಡ ಉಳಿದಿದೆ; ಒಂದೆರಡು ಅಡಿ ರಿವರ್ಸ್ ಹೋದರೆ ಬಿಡುತ್ತದೆ.

ಥಾರ್‌ನ ಮೆಕ್ಯಾನಿಕಲ್ ಲಾಕ್‌ಗೆ ಸ್ವಿಚ್ಚೂ ಇಲ್ಲ, ಲಿವರೂ ಇಲ್ಲ. ಎಡಬಲ ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ಅಂತರ ಬಂದಾಗ ಅದು ಟಕ್ ಎಂದು ಬೀಳುತ್ತದೆ. ಸೆಕೆಂಡಿಗೆ ಎರಡು ಸುತ್ತಿಗೂ ಕಡಿಮೆ. ಹೊಸಬರು ಎಡವುವುದು ಇಲ್ಲೇ: ಚಕ್ರ ಜಾರಿದ ತಕ್ಷಣ ಗಾಬರಿಯಾಗಿ ಕಾಲು ತೆಗೆಯುತ್ತಾರೆ, ಲಾಕ್ ಬೀಳುವುದೇ ಇಲ್ಲ, ‘ಕಂಪನಿಯ ಲಾಕ್ ಕೆಲಸ ಮಾಡ್ತಿಲ್ಲ’ ಎಂಬ ದೂರು ಬೇರೆ. ಹಗುರವಾಗಿ ಒತ್ತಿಯೇ ಇರಿ, ಟಕ್ ಎಂದ ಮೇಲೂ ಬಿಡಬೇಡಿ. ಧುತ್ತನೆ ಪೂರ್ತಿ ಒತ್ತಿದರೆ ಒಳಗಿನ ಪ್ಲೇಟುಗಳಿಗೆ ಏಟು. ಗಂಟೆಗೆ ಸುಮಾರು 30 ಕಿ.ಮೀ. ದಾಟಿದರೆ ಅದು ಬೀಳದು, ಬೀಳಲೂಬಾರದು.

ಹಾಕಬಾರದ ಜಾಗ: ಓರೆ ಇಳಿಜಾರು

ಗುಡ್ಡದ ಬದಿಗೆ ಅಡ್ಡಲಾಗಿ, ಒದ್ದೆ ಹುಲ್ಲು ಅಥವಾ ಜೇಡಿ ಮಣ್ಣಿನ ಮೇಲೆ ಹೋಗುವಾಗ ಹಿಂದಿನ ಲಾಕ್ ಬಿದ್ದಿದ್ದರೆ ಅಪಾಯ. ಲಾಕ್ ಇಲ್ಲದಿದ್ದರೆ ಒಂದು ಚಕ್ರ ಜಾರಿದರೂ ಇನ್ನೊಂದು ನೆಲ ಹಿಡಿದು ಗಾಡಿಯ ಹಿಂಭಾಗವನ್ನು ದಾರಿಯಲ್ಲೇ ಇಡುತ್ತದೆ. ಲಾಕ್ ಇದ್ದರೆ ಎರಡೂ ಒಟ್ಟಿಗೆ ಜಾರುತ್ತವೆ, ಹಿಂಭಾಗ ಕೆಳಗಿನ ಕಡೆಗೆ ಸರಿಯುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಹೆಚ್ಚು ಸರಿಯುತ್ತದೆ. ಮಲೆನಾಡಿನ ತೋಟಗಳಲ್ಲಿ ಇಂಥ ಕಡೆ ಚರಂಡಿ ಇಲ್ಲವೇ ಧರೆ ಇದ್ದೇ ಇರುತ್ತದೆ. ಜಾರತೊಡಗಿದರೆ ಕಾಲು ತೆಗೆದು, ಸ್ಟಿಯರಿಂಗನ್ನು ಇಳಿಜಾರಿನ ಕಡೆಗೆ ತಿರುಗಿಸಿ. ಕಡಿದಾದ ಇಳಿತದಲ್ಲೂ ಮುಂದಿನ ಲಾಕ್ ಬೇಡ, ತಿರುಗಿಸಬೇಕಾದಾಗ ಗಾಡಿ ತಿರುಗುವುದಿಲ್ಲ.

ನೀರು, ಎಣ್ಣೆ, ಗಾಳಿ

ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಹೌಸಿಂಗ್‌ನ ಗಾಳಿಕಂಡಿ) ಅಥವಾ ಸೀಲ್‌ನಿಂದ ನೀರು ಒಳಸೇರುತ್ತದೆ. ಬ್ರೀದರ್‌ಗೆ ಪೈಪ್ ಜೋಡಿಸಿ ಬಾನೆಟ್ ಒಳಗಿನ ಎತ್ತರಕ್ಕೆ ಒಯ್ದು ಕಟ್ಟಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ನೀರು ದಾಟಿದ ಮೇಲೆ ಫಿಲ್ಲರ್ ಬೋಲ್ಟ್ ಬಿಚ್ಚಿ ಬೆರಳದ್ದಿ ನೋಡಿ. ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ಅಂದೇ ಬದಲಿಸಿ. ಪ್ಲೇಟುಗಳಿರುವ ಲಾಕ್‌ಗೆ ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಿ, ಅಂಗಡಿಯವರು ‘ಎಲ್ಲಾ ಒಂದೇ’ ಎಂದರೂ ಕೇಳಬೇಡಿ.

ಏರ್ ಲಾಕರ್ (ಗಾಳಿಯ ಒತ್ತಡದಿಂದ ಬೀಳುವ ಲಾಕ್) ಹಾಕಿಸಿದವರು ಕಂಪ್ರೆಸರ್ ಕಡೆ ಕಿವಿಗೊಡಬೇಕು. ಲಾಕ್ ಹಾಕಿ ಸುಮ್ಮನೆ ನಿಂತಾಗ ಅದು ಮತ್ತೆ ಮತ್ತೆ ಚಾಲೂ ಆದರೆ ಎಲ್ಲೋ ಗಾಳಿ ಸೋರುತ್ತಿದೆ. ಮೊದಲು ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ, ಆಮೇಲೆ ಸೈಲೆನ್ಸರ್‌ಗೆ ತಾಗಿ ಪೈಪ್ ಕರಗಿದೆಯೇ ನೋಡಿ. ಲಾಕ್ ತೆಗೆದಾಗ ಗಾಳಿ ಬಿಡುವ ವಿದ್ಯುತ್ ವಾಲ್ವ್ ಆದ ಸೊಲೆನಾಯ್ಡ್‌ನಿಂದ ಗೇರ್ ಎಣ್ಣೆ ಚಿಮ್ಮಿದರೆ ಡಿಫ್ ಒಳಗಿನ ಓ-ರಿಂಗ್ (ರಬ್ಬರ್ ಸೀಲ್ ಉಂಗುರ) ಹೋಗಿದೆ, ಹೌಸಿಂಗ್ ಬಿಚ್ಚಲೇಬೇಕು.