ಚಳಿಗಾಲದ ಮಳೆಯಲ್ಲಿ ಎಂಎಕ್ಸ್-5: ಕವರ್ ಹೊದಿಸದೆ ಮೂರು ವರ್ಷ

ಮಾಜ್ದಾ ಎಂಎಕ್ಸ್-5 ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು: ಹಿಂಚಕ್ರಕ್ಕೆ ಪವರ್, ಒಂದು ಟನ್ನಿನ ಆಸುಪಾಸು ತೂಕ, ಮಡಚುವ ಛಾವಣಿ. ಇಂಥ ಕಾರಿಗೆ ಇಂಗ್ಲೆಂಡಿನಲ್ಲಿ ನವೆಂಬರಿನಿಂದ ಮಾರ್ಚ್‌ವರೆಗೆ ಗ್ಯಾರೇಜೇ ಗತಿ ಅನ್ನುವುದು ಇಲ್ಲಿನವರ ನಂಬಿಕೆ. ನನ್ನದು ಎರಡನೇ ತಲೆಮಾರಿನ 1.8 ಲೀಟರ್ ಎಂಜಿನ್ನಿನದು, 2001ರದ್ದು. ಎಂ62 ಹೆದ್ದಾರಿಯಲ್ಲಿ ಉತ್ತರ ಇಂಗ್ಲೆಂಡಿನ ಪೆನೈನ್ ಗುಡ್ಡ ಹತ್ತಿಳಿದು ದಿನಾ ಓಡಿಸಿ ಮೂರು ಚಳಿಗಾಲ ಮುಗಿಯಿತು. ಮೊದಲನೆಯದು ಪೂರ್ತಿ ಎಡವಟ್ಟು, ಎರಡನೆಯದು ಅಷ್ಟಕ್ಕಷ್ಟೆ, ಈ ಸಲ ಮಾತ್ರ ಎಲ್ಲ ಕೈಗೆ ಬಂತು. ‘ಮಾರಿಬಿಡು ಮಾರಾಯ’ ಎಂದವರೇ ಈಗ ಟೈರ್ ಸೈಜ್ ಕೇಳುತ್ತಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ.

ಟೈರಿನಿಂದಲೇ ಶುರು. ಕಾರು ಬಂದಾಗ ಇದ್ದದ್ದು 205/45 ಆರ್16 (ಅಗಲ 205 ಮಿಲಿಮೀಟರ್, ವೀಲ್ 16 ಇಂಚು), ಬೇಸಿಗೆ ಟೈರು. 7 ಡಿಗ್ರಿ ಕೆಳಗೆ ಆ ರಬ್ಬರು ಹಲಗೆ ಇದ್ದ ಹಾಗೆ. ಆಗುಂಬೆ ಮಳೆ ನೋಡಿದವರಿಗೆ ಇಲ್ಲಿನ ಮಳೆ ಜುಜುಬಿ ಅನ್ನಿಸುತ್ತದೆ, ಆದರೆ ಅಲ್ಲಿ ರಸ್ತೆ ಬೆಚ್ಚಗಿರುತ್ತದೆ. ಇಲ್ಲಿ ಮಳೆಯೂ 4 ಡಿಗ್ರಿ, ರಸ್ತೆಯೂ 4 ಡಿಗ್ರಿ. ಅದರ ಮೇಲೆ ಹಗುರ ಕಾರಿಗೆ ಅಗಲ ಟೈರ್ ಎಂದರೆ ನೀರನ್ನು ಕತ್ತರಿಸಿ ನೆಲ ಮುಟ್ಟುವಷ್ಟು ಭಾರವೇ ಸಿಗದು. 195/50 ಆರ್15 ಹಾಕಿದಾಗಲೇ ವ್ಯತ್ಯಾಸ ತಿಳಿಯಿತು. ಆಮೇಲೆ ಹಳೇ 14 ಇಂಚಿನ ವೀಲ್ ನಾಲ್ಕು, ಸುಮಾರು 70 ಪೌಂಡಿಗೆ ಹಿಡಿದು, 185/60 ಆಲ್-ಸೀಸನ್ ಹಾಕಿಸಿದೆ. ನಾಲ್ಕೂ ಟೈರಿಗೆ ಸೇರಿ 230ರ ಹತ್ತಿರ ಆಯಿತು. ಸುತ್ತಳತೆ 195/50 ಆರ್15ಕ್ಕೆ ಹೆಚ್ಚುಕಮ್ಮಿ ಸಮ, ಸ್ಪೀಡೋಮೀಟರ್ ಚಿಂತೆ ಇಲ್ಲ. ದೊಡ್ಡ ಬ್ರೇಕಿನ ಸ್ಪೋರ್ಟ್ ಮಾದರಿಗೆ ಮಾತ್ರ 14 ಇಂಚು ಕೂರುವುದಿಲ್ಲ, ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ತಾಗುತ್ತದೆ.

ಗಾಳಿಯ ವಿಷಯದಲ್ಲಿ ಬುದ್ಧಿವಂತಿಕೆ ತೋರಿಸಲು ಹೋಗಿ ಕೆಟ್ಟೆ. ನೀರಿನ ಮೇಲೆ ಟೈರ್ ತೇಲುವ ವೇಗಕ್ಕೆ ವಿಮಾನದವರ ಹಳೇ ಲೆಕ್ಕ ಇದೆಯಲ್ಲ, ಪಿಎಸ್‌ಐನ (ಟೈರಿನ ಗಾಳಿಯ ಒತ್ತಡದ) ವರ್ಗಮೂಲಕ್ಕೆ ಹತ್ತೂ ಚಿಲ್ಲರೆ ಗುಣಿಸುವುದು, ಅದರ ಪ್ರಕಾರ ಕಂಪನಿ ಹೇಳುವ 26ಕ್ಕೆ ಗಂಟೆಗೆ ಸುಮಾರು 53 ಮೈಲಿ, 32ಕ್ಕೆ 58. ಐದು ಮೈಲಿ ಪುಕ್ಕಟೆ ಲಾಭ ಎಂದು 32 ಹೊಡೆಸಿದೆ. ಹೆದ್ದಾರಿಯಲ್ಲಿ ಏನೋ ಸರಿ, ಆದರೆ ಊರೊಳಗಿನ ಪ್ರತಿ ತಿರುವಿನಲ್ಲೂ ಕಾರು ಗೋಲಿ ಮೇಲೆ ನಿಂತಂತೆ ಜಾರುತ್ತಿತ್ತು, ಟೈರಿನ ನಡುಭಾಗ ಮಾತ್ರ ಸವೆಯಿತು. ಈಗ 27, ಬೆಳಿಗ್ಗೆ ತಣ್ಣಗಿರುವಾಗ ನೋಡಿ. ನಿಜವಾಗಿ ಕೆಲಸ ಮಾಡುವುದು ಟೈರಿನ ಗ್ರೂವ್ ಆಳ. ಕಾನೂನು 1.6 ಮಿಲಿಮೀಟರ್ ಸಾಕು ಅನ್ನುತ್ತದೆ, ನಾನು 3ಕ್ಕೇ ಬದಲಿಸುತ್ತೇನೆ.

ಡಿಕ್ಕಿಯಲ್ಲಿ ಮರಳುಮೂಟೆ ಇಡುವ ಸಲಹೆಯನ್ನೂ ಪರೀಕ್ಷಿಸಿದೆ, 25 ಕೆಜಿ. ಪಿಕಪ್ಪಿಗೆ ಅದು ಸರಿ. ಎರಡೂ ಆಕ್ಸಲ್‌ಗೆ ತೂಕ ಸಮ ಹಂಚಿದ ಕಾರಿನ ಹಿಂದುಗಡೆ ತೂಕ ನೇತುಹಾಕಿದರೆ, ಬಾಲ ಒಮ್ಮೆ ಹೊರಟಿತೆಂದರೆ ವಾಪಸು ತರುವುದು ಕಷ್ಟ. ಮರಳು ಈಗ ಹೂಕುಂಡದಲ್ಲಿದೆ.

ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಜೇಬು ಸುಟ್ಟ ಕೆಲಸ. ದರ 90 ಪೌಂಡ್ ಎಂದೇ ಹೋದದ್ದು. ಚಕ್ರ ಹಿಡಿದಿರುವ ಕೆಳಗಿನ ಆರ್ಮಿನಲ್ಲಿ ಕೋನ ಹೊಂದಿಸುವ ಎಕ್ಸೆಂಟ್ರಿಕ್ ಬೋಲ್ಟುಗಳು ರಬ್ಬರ್ ಬುಷ್ ಒಳಗೆ ತುಕ್ಕು ಹಿಡಿದು ಕೂತಿದ್ದವು. ಎಂಟರಲ್ಲಿ ಐದನ್ನು ಗರಗಸದಲ್ಲಿ ಕತ್ತರಿಸಬೇಕಾಯಿತು. ಬೋಲ್ಟು, ಬುಷ್, ಕೂಲಿ ಸೇರಿ 400 ದಾಟಿತು. ಹೋಗುವ ಮುಂಚೆ ಒಂದು ವಾರ ದಿನಾ ಪೆನಿಟ್ರೇಟಿಂಗ್ ಎಣ್ಣೆ ಹೊಡೆಯಿರಿ, ನಟ್ ಸಡಿಲಿಸಿ ಬೋಲ್ಟ್ ತಿರುಗುತ್ತದಾ ನೋಡಿ, ಆಮೇಲೆ ಅಪಾಯಿಂಟ್‌ಮೆಂಟ್. ಹೊಸ ಬೋಲ್ಟಿಗೆ ಕಾಪರ್ ಗ್ರೀಸ್ ಧಾರಾಳವಾಗಿ ಬಳಿಯಿರಿ. ಸೆಟ್ಟಿಂಗ್ ಬಗ್ಗೆ ಇಷ್ಟು ಹೇಳುತ್ತೇನೆ: ಹಿಂದೆ ಟೋ-ಇನ್ (ಚಕ್ರಗಳ ಮುಂತುದಿ ಒಳಮುಖವಾಗಿರುವುದು) ಸ್ವಲ್ಪ ಜಾಸ್ತಿ, ಮುಂದೆ ಹೆಚ್ಚುಕಮ್ಮಿ ಸೊನ್ನೆ. ನಿಖರ ಅಂಕಿಯೂ ಹಿಂದಿನ ಆ್ಯಂಟಿ-ರೋಲ್ ಬಾರಿಗೆ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು) ನಾನು ಮಾಡಿದ್ದೂ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಇನ್ನು ಓಡಿಸುವುದು. ಆಕ್ಸಿಲರೇಟರಿನಿಂದ ಕಾಲನ್ನು ಥಟ್ಟನೆ ಎತ್ತುವುದೇ ಈ ಕಾರಿನಲ್ಲಿ ಜಾರಾಟಕ್ಕೆ ಮೂಲ, ಒತ್ತುವುದು ಆಮೇಲಿನ ಮಾತು. ರೌಂಡಬೌಟ್ ಬರುವಾಗ ಬ್ರೇಕೆಲ್ಲ ನೇರ ಇರುವಾಗಲೇ ಮುಗಿಸಿ. ಗೇರ್ ಇಳಿಸುವಾಗ ಒಂದು ಸಣ್ಣ ಬ್ಲಿಪ್ ಕೊಡಿ, ಅಂದರೆ ಆಕ್ಸಿಲರೇಟರನ್ನು ಕ್ಷಣಕಾಲ ಒತ್ತಿಬಿಡಿ. ಇಲ್ಲದಿದ್ದರೆ ಕ್ಲಚ್ ಬಿಟ್ಟ ಕೂಡಲೆ ಎಂಜಿನ್ನೇ ಹಿಂಚಕ್ರಕ್ಕೆ ಹ್ಯಾಂಡ್‌ಬ್ರೇಕ್ ಎಳೆದಂತೆ ಆಗುತ್ತದೆ. ಒಳಗೆ ಹೋದ ಮೇಲೆ ಆಕ್ಸಿಲರೇಟರ್ ಕೂದಲೆಳೆಯಷ್ಟು, ಒಂದೇ ಸಮ. ಬಸ್ಸು ಓಡಾಡುವ ರೌಂಡಬೌಟಿನಲ್ಲಿ ಡೀಸೆಲ್ ಚೆಲ್ಲಿರುತ್ತದೆ, ವಾಸನೆ ಬಂದರೆ ಇನ್ನೂ ಮೆಲ್ಲಗೆ. ಬಿಳಿ ಬಾಣದ ಗುರುತು, ಮ್ಯಾನ್‌ಹೋಲ್ ಮುಚ್ಚಳದ ಮೇಲೆ ಸ್ಟೀರಿಂಗ್ ತಿರುಗಿಸಬೇಡಿ. ಪೆನೈನ್ ದಾಟುವ ಸ್ನೇಕ್ ಪಾಸ್ ರಸ್ತೆ ಕಡೆ ಮರದಡಿ ಕೊಳೆತ ಎಲೆ ಇರುತ್ತದಲ್ಲ, ಅದು ಸೋಪಿಗಿಂತ ಕಡೆ. ನಿಂತ ನೀರಿಗೆ ನುಗ್ಗಿ ಸ್ಟೀರಿಂಗ್ ಹಗುರಾಯಿತೋ, ಬ್ರೇಕ್ ಮುಟ್ಟಬೇಡಿ, ನೇರ ಹಿಡಿದು ವೇಗ ತಾನಾಗಿ ಇಳಿಯಲು ಬಿಡಿ. ಎರಡೂ ಹಿಂಚಕ್ರಕ್ಕೆ ಬಲ ಹಂಚುವ ಟಾರ್ಸೆನ್ ಡಿಫ್ ಇದ್ದರೂ ಒಂದು ಚಕ್ರ ಮಂಜುಗಡ್ಡೆ ಮೇಲೆ ನಿಂತರೆ ಅದೊಂದೇ ಸುತ್ತುತ್ತದೆ. ಹ್ಯಾಂಡ್‌ಬ್ರೇಕ್ ಎರಡು ಕ್ಲಿಕ್ ಎಳೆದು ಎರಡನೇ ಗೇರಿನಲ್ಲಿ ಹೊರಡಿ.

ಆದರೆ ಕಾರನ್ನು ಕೊಲ್ಲುವುದು ಜಾರಾಟವಲ್ಲ, ತುಕ್ಕು. ಛಾವಣಿಯ ನೀರು ಸೀಟ್‌ಬೆಲ್ಟ್ ಟವರ್ ಹಿಂದಿನ ಎರಡು ಡ್ರೈನ್ ತೂತಿನಲ್ಲಿ ಇಳಿದು ಹಿಂಚಕ್ರದ ಮುಂದೆ ಬೀಳಬೇಕು. ಎಲೆ, ಪಾಚಿ ಕಟ್ಟಿಕೊಂಡರೆ ನೀರು ಸಿಲ್ (ಬಾಗಿಲಡಿಯ ಪೊಳ್ಳು ಉಕ್ಕಿನ ತೊಲೆ) ಒಳಗೆ ತುಂಬುತ್ತದೆ. ಛಾವಣಿ ಅರ್ಧ ಎತ್ತಿ, ಕಾರ್ಪೆಟ್ ಸರಿಸಿ, ಬೆರಳಿಗೆ ಸಿಗುವ ತೂತಿಗೆ ಒಂದು ಮಗ್ ನೀರು ಸುರಿಯಿರಿ. ಕೆಳಗೆ ಧಾರೆಯಾಗಿ ಬಿದ್ದರೆ ಸರಿ, ಗುಳುಗುಳು ಎಂದು ನಿಂತರೆ ಕಟ್ಟಿದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಒಂದು ಮೀಟರ್ ತಗೊಂಡು, ತುದಿಯನ್ನು ಲೈಟರಿನಲ್ಲಿ ಕರಗಿಸಿ ಮಣಿ ಮಾಡಿ, ತಿರುಚುತ್ತಾ ಇಳಿಸಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಟ್ಯೂಬ್ ಕಳಚಿಬಿಟ್ಟರೆ ನೀರು ನೇರ ಸಿಲ್‌ಗೇ. ಒಂದು ಗ್ಯಾರೇಜಿನವರು ಸಿಲ್ ಅಡಿಯ ತೂತುಗಳ ಮೇಲೇ ಅಂಡರ್‌ಸೀಲ್ (ತುಕ್ಕು ತಡೆಯಲು ಕಾರಿನಡಿ ಹಚ್ಚುವ ದಪ್ಪ ಲೇಪ) ಬಳಿದಿದ್ದರು. ಆ ಒಂದು ಬದಿ ಕತ್ತರಿಸಿ ವೆಲ್ಡ್ ಮಾಡಿಸಲು 450 ಪೌಂಡ್. ತೂತು ಬಿಡಿಸಿಕೊಂಡು ಒಳಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಹೊಡೆಯಲು ಕ್ಯಾನು ಎರಡು ಸಾಕು, 30 ಪೌಂಡಿನೊಳಗೆ.

ರಸ್ತೆಯ ಉಪ್ಪು ತೊಳೆಯಲು ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರನ್ನು ಕಾರಿನಡಿ ತಳ್ಳಿ 15 ನಿಮಿಷ ಬಿಡುತ್ತೇನೆ. ಪಕ್ಕದ ಮನೆಯವರು ಕಿಟಕಿಯಲ್ಲಿ ನಿಂತು ನೋಡುತ್ತಾರೆ, ನೋಡಲಿ. ಹಿಂದಿನ ಕ್ಯಾಲಿಪರಿನ ಸ್ಲೈಡ್ ಪಿನ್ನುಗಳನ್ನು ಡಿಸೆಂಬರಿಗೆ ಮೊದಲು ಬಿಚ್ಚಿ ಗ್ರೀಸ್ ಹಾಕಿ, ಇಲ್ಲದಿದ್ದರೆ ಉಪ್ಪಿಗೆ ಹಿಡಿದುಕೊಳ್ಳುತ್ತವೆ.

ಗಾಜಿಗೆ ಮಂಜು ಕಟ್ಟುವುದಕ್ಕೆ ತೇವ ಹೀರುವ ಬೆಕ್ಕಿನ ಲಿಟರನ್ನು (ಬೆಕ್ಕಿನ ಮಲದ ಪೆಟ್ಟಿಗೆಗೆ ಹಾಕುವ ಮಣ್ಣಿನ ಹರಳು) ಕಾಲುಚೀಲದಲ್ಲಿ ತುಂಬಿಟ್ಟು ನೋಡಿದೆ. ಎರಡು ರಾತ್ರಿ ಚೆನ್ನಾಗಿತ್ತು, ಮೂರನೇ ದಿನ ಕಾಲುಚೀಲ ಒಡೆದು ಸೀಟಿನ ಹಳಿಯೊಳಗೆಲ್ಲ ಮಣ್ಣು. ಕಾರ್ಪೆಟ್ ಅಡಿಯ ಫೋಮ್ ಹಿಂಡಿ ಒಣಗಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುವ ರಿಸರ್ಕ್ಯುಲೇಷನ್ ಆಫ್ ಮಾಡಿ, ಚಳಿಯಲ್ಲೂ ಎಸಿ ಹಾಕಿ. ಬಾಗಿಲಿನ ರಬ್ಬರಿಗೆ ವಾರಕ್ಕೊಮ್ಮೆ ಸಿಲಿಕೋನ್ ಗ್ರೀಸ್ ಸವರಿ. ಚೌಕಟ್ಟಿಲ್ಲದ ಗಾಜು ರಾತ್ರಿ ಅಂಟಿಕೊಂಡರೆ, ಬೆಳಿಗ್ಗೆ ಬಾಗಿಲು ಎಳೆದಾಗ ರಬ್ಬರೂ ಕಿತ್ತು ಬರುತ್ತದೆ.