ಸೈಕಲ್ ಸವಾರನ ಹಕ್ಕನ್ನು ಬರಹದಲ್ಲಿ ಕೇಳಿ ಪಡೆದ ನನ್ನ ಅನುಭವ

ಸೈಕಲ್ ತುಳಿಯುವವರಿಗೆ ನಮ್ಮ ಕಾನೂನಿನಲ್ಲಿ ಹಕ್ಕುಗಳೇ ಇಲ್ಲ ಎಂಬ ಮಾತನ್ನು ನಾನು ಪೊಲೀಸ್ ಠಾಣೆಯಲ್ಲೂ ಪಾಲಿಕೆಯ ಕಚೇರಿಯಲ್ಲೂ ಕೇಳಿದ್ದೇನೆ. ಎಷ್ಟೋ ಸಲ ಸೈಕಲ್ ಸವಾರರೇ ಹಾಗೆ ಹೇಳಿದ್ದಾರೆ. ಆ ಮಾತು ನಿಜವಲ್ಲ. ಹಕ್ಕುಗಳು ಇವೆ, ಆದರೆ ಒಂದೇ ಕಾಯಿದೆಯಲ್ಲಿಲ್ಲ, ನಾಲ್ಕಾರು ಕಡೆ ಚದುರಿಕೊಂಡಿವೆ. ಬಾಯಿಮಾತಿನಲ್ಲಿ ಕೇಳಿದರೆ ಅವು ಕೈಗೆ ಬರುವುದೂ ಇಲ್ಲ. ವರ್ಷಗಳಿಂದ ಕೆಲಸಕ್ಕೆ ಸೈಕಲ್‌ನಲ್ಲೇ ಹೋಗಿಬರುತ್ತಿರುವ ನಾನು ಒಂದು ಅಪಘಾತದ ನಂತರ ಠಾಣೆಯೊಂದಿಗೂ, ನಮ್ಮ ರಸ್ತೆಯ ಸೈಕಲ್ ಪಥಕ್ಕಾಗಿ ಪಾಲಿಕೆಯೊಂದಿಗೂ ವ್ಯವಹರಿಸಿದ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಠಾಣೆಯ ಹೆಸರಾಗಲಿ ಊರಿನ ಹೆಸರಾಗಲಿ ಬರೆಯುವುದಿಲ್ಲ, ಏಕೆಂದರೆ ನಾನು ಕಂಡದ್ದು ಯಾರೋ ಒಬ್ಬ ಅಧಿಕಾರಿಯ ನಡವಳಿಕೆಯಲ್ಲ, ಬೇರೆ ಊರುಗಳ ಸವಾರರೂ ನನಗೆ ವರದಿ ಮಾಡಿರುವ ಒಂದು ಸಾಮಾನ್ಯ ರೂಢಿ.

ಮೊದಲು ಕಾನೂನಿನ ನೆಲೆ. 1988ರ ಮೋಟಾರು ವಾಹನ ಕಾಯಿದೆಯ 2(28)ನೇ ಕಲಮಿನ ಪ್ರಕಾರ ಸೈಕಲ್ ಮೋಟಾರು ವಾಹನವಲ್ಲ. ಹಾಗಾಗಿ ಅದಕ್ಕೆ ಲೈಸೆನ್ಸ್ ಬೇಡ, ನೋಂದಣಿ ಬೇಡ, ವಿಮೆ ಬೇಡ. ಇದನ್ನು ಠಾಣೆಗಳಲ್ಲಿ ಬಹುತೇಕ ಎಲ್ಲರೂ ತಿರುವುಮುರುವಾಗಿ ಅರ್ಥಮಾಡಿಕೊಂಡು, ಸೈಕಲ್ ಕಾಯಿದೆಯ ಹೊರಗಿರುವ ವಸ್ತು, ಅದರ ಸವಾರನಿಗೆ ಕಾಯಿದೆಯ ರಕ್ಷಣೆ ಇಲ್ಲ ಎಂಬಂತೆ ನಡೆದುಕೊಳ್ಳುತ್ತಾರೆ. ಕಾಯಿದೆ ಹೊರೆಯನ್ನು ಹೊರಿಸಿರುವುದು ಮೋಟಾರು ವಾಹನದ ಚಾಲಕನ ಮೇಲೆ. 2017ರ ಚಾಲನಾ ನಿಯಮಾವಳಿಯು ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ವೃದ್ಧರು, ಅಂಗವಿಕಲರು ಇವರ ಸುರಕ್ಷತೆಗೆ ಚಾಲಕನು ವಿಶೇಷ ಎಚ್ಚರ ವಹಿಸಬೇಕೆಂದು ಹೇಳುತ್ತದೆ. ಸೈಕಲ್‌ಗೆಂದು ಮೀಸಲಿಟ್ಟ ಪಥದಲ್ಲಿ ಮೋಟಾರು ವಾಹನ ಓಡಿಸುವುದನ್ನು ನಿಷೇಧಿಸುತ್ತದೆ. ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದೂ ಪೊಲೀಸರಿಗೆ ತಿಳಿಸುವುದೂ ಚಾಲಕನ ಕರ್ತವ್ಯವೆಂದು ಕಾಯಿದೆಯ 134ನೇ ಕಲಮು ವಿಧಿಸುತ್ತದೆ. ಮೂರನೇ ವ್ಯಕ್ತಿಯ ವಿಮೆ ಪ್ರತಿ ಕಾರಿಗೂ ಬೈಕಿಗೂ ಕಡ್ಡಾಯವಾಗಿರುವುದು ರಸ್ತೆಯಲ್ಲಿರುವ ನಮ್ಮಂಥವರಿಗಾಗಿಯೇ. ಸವಾರನಿಗೆ ವಿಮೆ ಇಲ್ಲದಿದ್ದರೂ ಗುದ್ದಿದವರ ವಿಮೆ ಅವನನ್ನು ಕಾಯುತ್ತದೆ.

ನನ್ನ ಪ್ರಕರಣದಲ್ಲಿ ನಡೆದದ್ದು ಇಷ್ಟು. ಹಿಂದಿನಿಂದ ಬಂದ ಕಾರೊಂದು ನನ್ನನ್ನು ದಾಟಿ, ಸೂಚನೆ ಕೊಡದೆ ಎಡಕ್ಕೆ ತಿರುಗಿತು. ಬಿದ್ದ ರಭಸಕ್ಕೆ ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತು, ಮುಂದಿನ ಚಕ್ರದ ರಿಮ್ಮು ನೆಗ್ಗಿ ಫೋರ್ಕು ಸೊಟ್ಟಗಾಯಿತು. ಚಾಲಕರು ಕೆಳಗಿಳಿದು ರಿಪೇರಿಗೆಂದು ಹಣ ಮುಂದೆ ಚಾಚಿದರು. ನಾನು ಹಣ ಮುಟ್ಟದೆ ಕಾರಿನ ನಂಬರನ್ನೂ, ಕಾರು ಮತ್ತು ಸೈಕಲ್ ನಿಂತ ಜಾಗವನ್ನೂ ಫೋಟೋ ತೆಗೆಸಿ ಆಸ್ಪತ್ರೆಗೆ ಹೋದೆ. ಅಲ್ಲಿ ರಸ್ತೆ ಅಪಘಾತವೆಂದು ಹೇಳಿ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ನೋಂದಣಿ ಮಾಡಿಸುವುದು ಬಹಳ ಮುಖ್ಯ. ಬಿದ್ದೆ ಎಂದಷ್ಟೇ ಹೇಳಿದರೆ ವೈದ್ಯರು ಹಾಗೆಯೇ ಬರೆದುಕೊಳ್ಳುತ್ತಾರೆ. ಮುಂದೆ ವಿಮಾ ಕಂಪನಿಯ ವಕೀಲರು ಮೊದಲು ತೆರೆಯುವುದು ಆ ಹಾಳೆಯನ್ನೇ.

ಠಾಣೆಯಲ್ಲಿ ರೈಟರ್ ಸೌಜನ್ಯದಿಂದಲೇ ಮಾತಾಡಿದರು. ‘ಸೈಕಲ್‌ಗೆ ನಂಬರ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಯಾವ ಕಾಲಮ್‌ನಲ್ಲಿ ಬರೀಲಿ ಸಾರ್? ಅವರು ರಿಪೇರಿ ದುಡ್ಡು ಕೊಡ್ತೀನಂತಾರೆ, ರಾಜಿ ಮಾಡ್ಕೊಂಡ್‌ಬಿಡಿ’ ಎಂದರು. ನಾನು ವಾದಕ್ಕಿಳಿಯಲಿಲ್ಲ. ಮನೆಯಲ್ಲೇ ಎರಡು ಪ್ರತಿ ಬರೆದು ತಂದಿದ್ದ ದೂರನ್ನು ಮೇಜಿನ ಮೇಲಿಟ್ಟು, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಕೊಡುವಂತೆ ಕೇಳಿದೆ. ದೂರು ದಾಖಲಿಸಲು ಸಾಧ್ಯವಿಲ್ಲವೆಂದಾದರೆ ಕಾರಣ ತಿಳಿಸಿ ಹಿಂಬರಹ ಕೊಡುವಂತೆ ಕೇಳಿದೆ. ಇಡೀ ವ್ಯವಹಾರದ ದಿಕ್ಕು ಬದಲಾದದ್ದು ಈ ಘಟ್ಟದಲ್ಲಿ. ದೂರು ತೆಗೆದುಕೊಳ್ಳುವುದಿಲ್ಲ ಎಂದು ಬಾಯಲ್ಲಿ ಹೇಳುವುದು ಸುಲಭ. ಅದನ್ನೇ ಬರೆದು ಸಹಿ ಹಾಕಲು ಯಾವ ಅಧಿಕಾರಿಯೂ ಸುಲಭವಾಗಿ ಮುಂದೆ ಬರುವುದಿಲ್ಲ, ಏಕೆಂದರೆ ಸಂಜ್ಞೇಯ ಅಪರಾಧದ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಬಹುದಾದ ಅಪರಾಧದ, ಮಾಹಿತಿ ಬಂದಾಗ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿರುವುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ದೂರಿನ ಒಕ್ಕಣೆಯ ಬಗ್ಗೆಯೂ ಹೇಳಬೇಕು. ‘ಅಪಘಾತವಾಯಿತು’ ಎಂದು ಮಾತ್ರ ಬರೆದರೆ ಸಾಲದು. ನಾನು ಯಾವ ದಿಕ್ಕಿಗೆ ಹೋಗುತ್ತಿದ್ದೆ, ರಸ್ತೆಯ ಎಡ ಅಂಚಿನಿಂದ ಎಷ್ಟು ದೂರದಲ್ಲಿದ್ದೆ, ಕಾರು ಯಾವ ಕಡೆಯಿಂದ ಬಂತು, ಇಂಡಿಕೇಟರ್ ಹಾಕಿತ್ತೇ, ಕಾರಿನ ಯಾವ ಭಾಗ ಸೈಕಲ್‌ನ ಯಾವ ಭಾಗಕ್ಕೆ ತಗುಲಿತು ಎಂಬುದನ್ನೆಲ್ಲ ಬರೆದು, ಚಾಲಕನು ಅಜಾಗರೂಕತೆ ಮತ್ತು ನಿರ್ಲಕ್ಷ್ಯದಿಂದ ಚಲಾಯಿಸಿದ್ದರಿಂದ ಹೀಗಾಯಿತೆಂದು ಸ್ಪಷ್ಟವಾಗಿ ನಮೂದಿಸಿದೆ. 2024ರ ಜುಲೈ 1ರಿಂದ ಐಪಿಸಿಯ ಬದಲು ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಮುಗಳು ಇಂಥ ಪ್ರಕರಣಕ್ಕೆ ಅನ್ವಯಿಸುತ್ತವೆ. ಮೂಳೆ ಮುರಿತ ಅಥವಾ ಬಿರುಕು ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯ. ಠಾಣೆಯಲ್ಲಿ ದೂರು ತೆಗೆದುಕೊಳ್ಳದೇ ಹೋದರೆ ಅದನ್ನೇ ಅಂಚೆಯ ಮೂಲಕ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಲು, ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಲು ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173(4)ನೇ ಕಲಮು ದಾರಿ ಕೊಟ್ಟಿದೆ. ನನಗೆ ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ. ಎಫ್‌ಐಆರ್‌ನ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರನ ಹಕ್ಕು, ಅದನ್ನು ಕೇಳಿಯೇ ಪಡೆದೆ.

ಸ್ಥಳ ಮಹಜರಿನ ದಿನ ನಾನೇ ಹೋಗಿ ನಿಂತೆ. ಕಾನ್‌ಸ್ಟೇಬಲ್ ಬರೆದ ಸ್ಕೆಚ್‌ನಲ್ಲಿ ಕಾರಿಗೆ ಒಂದು ಅಚ್ಚುಕಟ್ಟಾದ ಚೌಕ, ಬಾಣದ ಗುರುತು, ನಂಬರು ಎಲ್ಲವೂ ಇದ್ದವು. ಸೈಕಲ್ ಮಾತ್ರ ರಸ್ತೆಯ ನಡುವೆ ಎಲ್ಲೋ ಹಾಕಿದ ಒಂದು ಗುಣಿಸು ಚಿಹ್ನೆಯಾಗಿತ್ತು. ಎಡ ಅಂಚಿನಿಂದ ಟೇಪಿನಲ್ಲಿ ಅಳೆದು, ಬಂದ ಅಳತೆಯನ್ನು ಆ ಚಿಹ್ನೆಯ ಪಕ್ಕದಲ್ಲಿ ಬರೆಯಬೇಕೆಂದು ವಿನಂತಿಸಿಕೊಂಡೆ. ನಾಲ್ಕು ಅಡಿ ಎಂದು ಬರೆದುಕೊಂಡರು. ಮುಂದೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯ ವಕೀಲರು ನಾನು ರಸ್ತೆಯ ಮಧ್ಯದಲ್ಲಿ ಹೋಗುತ್ತಿದ್ದೆನೆಂದೂ, ಹಾಗಾಗಿ ಅಪಘಾತದಲ್ಲಿ ನನ್ನ ಪಾಲೂ ಇದೆಯೆಂದೂ ವಾದ ಎತ್ತಿದಾಗ ಉತ್ತರ ಕೊಟ್ಟದ್ದು ಆ ಬರಹವೇ. ಹೆಲ್ಮೆಟ್ ವಿಷಯವನ್ನೂ ಅವರು ತೆಗೆದರು. ನಾನು ಹೆಲ್ಮೆಟ್ ಹಾಕಿಕೊಳ್ಳುತ್ತೇನೆ, ಎಲ್ಲರೂ ಹಾಕಿಕೊಳ್ಳಲಿ ಎಂದೂ ಹೇಳುತ್ತೇನೆ. ಆದರೆ ಮೋಟಾರು ವಾಹನ ಕಾಯಿದೆಯ 129ನೇ ಕಲಮಿನ ಹೆಲ್ಮೆಟ್ ಕಡ್ಡಾಯ ಮೋಟಾರ್ ಸೈಕಲ್‌ಗೆ ಸಂಬಂಧಿಸಿದ್ದು, ಸೈಕಲ್‌ಗಲ್ಲ ಎಂಬುದನ್ನು ಸವಾರರು ತಿಳಿದಿರಬೇಕು. ಪರಿಹಾರದ ಅರ್ಜಿಯನ್ನು ನಾವು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೇ ಹಾಕಬಹುದು. ಅದೇ ಕಾಯಿದೆಯ 2019ರ ತಿದ್ದುಪಡಿ ಇದಕ್ಕೆ ಅಪಘಾತದ ದಿನದಿಂದ 6 ತಿಂಗಳ ಗಡುವು ಹಾಕಿದೆ. ಆ ಗಡುವಿನ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದರೂ ಅದರೊಳಗೆ ಸಲ್ಲಿಸುವುದೇ ಕ್ಷೇಮ. ನನ್ನ ಪ್ರಕರಣ ಲೋಕ ಅದಾಲತ್‌ನಲ್ಲಿ ಮುಗಿಯಿತು. ಚಿಕಿತ್ಸೆಯ ವೆಚ್ಚ, ಕೆಲಸಕ್ಕೆ ಹೋಗಲಾಗದ ದಿನಗಳ ಆದಾಯ, ಸೈಕಲ್ ರಿಪೇರಿ ಮೂರೂ ಬಂದವು.

ಇಲ್ಲಿಯವರೆಗೆ ಬರೆದದ್ದು ಓದುಬರಹ ಬಲ್ಲ, ಕಚೇರಿಗೆ ರಜೆ ಹಾಕಬಲ್ಲ ಒಬ್ಬನ ಅನುಭವ. ನಮ್ಮ ಊರುಗಳಲ್ಲಿ ಸೈಕಲ್ ತುಳಿಯುವವರಲ್ಲಿ ಬಹಳಷ್ಟು ಮಂದಿ ಹಾಲು, ಪೇಪರ್ ಹಾಕುವವರು, ಗಾರೆ ಕೆಲಸದವರು, ರಾತ್ರಿ ಪಾಳಿಯ ಸೆಕ್ಯೂರಿಟಿ ಗಾರ್ಡ್‌ಗಳು. ನಮ್ಮ ಬೀದಿಯ ಅಪಾರ್ಟ್‌ಮೆಂಟಿನ ಕಾವಲುಗಾರರೊಬ್ಬರಿಗೆ ಬೈಕ್ ಗುದ್ದಿದಾಗ ಅವರ ಜೊತೆಗೆ ಹೋಗಿದ್ದೆ. ನನ್ನನ್ನು ‘ಸಾರ್’ ಎಂದ ಬಾಯಿ ಅವರನ್ನು ಏಕವಚನದಲ್ಲಿ ಮಾತಾಡಿಸಿತು. ಎಫ್‌ಐಆರ್ ಆಯಿತು, ಆದರೆ ಅವರ ಸೈಕಲ್ ಮುದ್ದೆಮಾಲಾಗಿ (ಸಾಕ್ಷ್ಯಕ್ಕೆಂದು ವಶಪಡಿಸಿಕೊಂಡ ವಸ್ತುವಾಗಿ) ಠಾಣೆಯ ಆವರಣ ಸೇರಿತು. ಬಿಡಿಸಿಕೊಳ್ಳಲು ಹೋದರೆ ಆರ್‌ಸಿ ತೋರಿಸಿ ಎಂದರು. ಸೈಕಲ್‌ಗೆ ಆರ್‌ಸಿ ಎಲ್ಲಿಂದ ತರುವುದು? ಅದೇ ಅವರ ಓಡಾಟ, ಅದೇ ಅವರ ದುಡಿಮೆ. ಪ್ರತಿ ರಾತ್ರಿ ಆಟೋಗೆ ಕೊಡುವ ಹಣದಲ್ಲಿ ಅವರ ಸಂಬಳದ ದೊಡ್ಡ ಪಾಲು ಹೋಗುತ್ತಿತ್ತು. ಕೊನೆಗೆ ನ್ಯಾಯಾಲಯದಲ್ಲಿ ಮಧ್ಯಂತರ ಸುಪರ್ದಿಗೆ, ಅಂದರೆ ಪ್ರಕರಣ ಮುಗಿಯುವವರೆಗೆ ಸೈಕಲ್ ಅನ್ನು ಅವರ ವಶಕ್ಕೆ ಕೊಡುವಂತೆ, ಅರ್ಜಿ ಹಾಕಿದೆವು. ಒಡೆತನಕ್ಕೆ ಆಧಾರವಾಗಿ ಅವರ ಪ್ರಮಾಣಪತ್ರವನ್ನೂ (ಅಫಿಡವಿಟ್), ಸೈಕಲ್ ಶಾಪಿನವರು ಬರೆದುಕೊಟ್ಟ ಚೀಟಿಯನ್ನೂ, ಫ್ರೇಮ್ ನಂಬರಿನ ಫೋಟೋವನ್ನೂ ಕೊಟ್ಟೆವು. ಸಾಮಾನ್ಯವಾಗಿ ಈ ನಂಬರ್ ಪೆಡಲ್‌ನ ಅಚ್ಚು ಹಾಯುವ ಕೊಳವೆಯ ತಳದಲ್ಲಿ ಇರುತ್ತದೆ. ಸೈಕಲ್ ತಲೆಕೆಳಗು ಮಾಡಿ, ಗ್ರೀಸಿನ ಕೊಳೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದರೆ ಅಂಕಿಗಳು ಕಾಣುತ್ತವೆ. ಅಂದಿನಿಂದ ಸೈಕಲ್ ಇಟ್ಟುಕೊಂಡಿರುವ ಎಲ್ಲರಿಗೂ ಈ ನಂಬರಿನ ಫೋಟೋ ಮತ್ತು ಕೊಂಡ ರಸೀದಿಯ ಫೋಟೋ ಎರಡನ್ನೂ ಮೊಬೈಲಿನಲ್ಲಿ ಇಟ್ಟುಕೊಳ್ಳಲು ಹೇಳುತ್ತಿದ್ದೇನೆ.

ರಸೀದಿಗೆ ಇನ್ನೊಂದು ಮಹತ್ವವಿದೆ. ಹೊಸ ಸಂಹಿತೆಗಳ ಪ್ರಕಾರ ಕಳುವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಾಗಿದ್ದರೆ ಆ ಕಳ್ಳತನ ಅಸಂಜ್ಞೇಯ ಅಪರಾಧ. ಅಂದರೆ ಪೊಲೀಸರು ಎಫ್‌ಐಆರ್ ಬದಲು ಎನ್‌ಸಿಆರ್ (ಅಸಂಜ್ಞೇಯ ಪ್ರಕರಣದ ವರದಿ) ಮಾತ್ರ ಬರೆದುಕೊಳ್ಳುತ್ತಾರೆ, ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆ ಮಾಡುವಂತಿಲ್ಲ. ದುಬಾರಿ ಸೈಕಲ್‌ನವರಿಗೆ ಇದರ ಬಿಸಿ ತಟ್ಟುವುದಿಲ್ಲ. ನಾಲ್ಕು ವರ್ಷ ಹಳೆಯದಾದ ಸಾದಾ ಸೈಕಲ್‌ನವರ ಕಳವು ಮಾತ್ರ ತನಿಖೆಯ ಹೊರಗೆ ಉಳಿಯುತ್ತದೆ. ಇದು ಅನ್ಯಾಯ, ಮತ್ತು ಕಾನೂನೇ ಮಾಡಿರುವ ಅನ್ಯಾಯ.

ಇನ್ನು ಸೈಕಲ್ ಪಥದ ವಿಚಾರ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಬೊಲ್ಲಾರ್ಡ್‌ಗಳನ್ನು (ವಾಹನ ತಡೆಯುವ ಗಿಡ್ಡ ಕಂಬಗಳನ್ನು) ನೆಟ್ಟು ಮಾಡಿದ ಪಥಕ್ಕೆ ಏನಾಯಿತೆಂದು ಅಲ್ಲಿ ಓಡಾಡಿದವರಿಗೆಲ್ಲ ಗೊತ್ತು: ಬೊಲ್ಲಾರ್ಡ್‌ಗಳು ಮುರಿದವು, ಬೈಕುಗಳು ಒಳನುಗ್ಗಿದವು, ಮೆಟ್ರೋ ಕಾಮಗಾರಿ ಬಂದ ಮೇಲೆ ಪಥವೇ ಹೋಯಿತು. ನಮ್ಮ ರಸ್ತೆಯಲ್ಲೂ ಬಣ್ಣ ಬಳಿದ ಪಥವೊಂದಿತ್ತು, ಅದರ ತುಂಬ ಕಾರುಗಳು ನಿಂತಿರುತ್ತಿದ್ದವು. ಸಂಚಾರ ಪೊಲೀಸರು ಅದು ಪಾಲಿಕೆಯ ಕೆಲಸವೆಂದರು, ಪಾಲಿಕೆಯವರು ಪೊಲೀಸರ ಕೆಲಸವೆಂದರು. ನಾನು ಇಬ್ಬರಿಗೂ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗೆ ಇರಬೇಕು, ಶುಲ್ಕ 10 ರೂಪಾಯಿ. ಏಕೆ ಕ್ರಮ ಕೈಗೊಂಡಿಲ್ಲವೆಂದು ಕೇಳಿದರೆ ಅದು ಮಾಹಿತಿಯಲ್ಲ ಎಂಬ ಉತ್ತರ ಬರುತ್ತದೆ. ಆದ್ದರಿಂದ ದಾಖಲೆಗಳನ್ನಷ್ಟೇ ಕೇಳಿದೆ: ಈ ಪಥವನ್ನು ಸೈಕಲ್‌ಗೆ ಮೀಸಲಿಟ್ಟ ಆದೇಶ ಅಥವಾ ಅಧಿಸೂಚನೆಯ ಪ್ರತಿ, ಅನುಮೋದಿತ ನಕ್ಷೆಯ ಪ್ರತಿ, ನಿರ್ವಹಣೆಯ ಹೊಣೆ ಹೊತ್ತ ಅಧಿಕಾರಿಯ ಪದನಾಮ.

ಪಾಲಿಕೆಯಿಂದ 30 ದಿನಗಳಲ್ಲಿ ಉತ್ತರ ಬರಲಿಲ್ಲ, ಪ್ರಥಮ ಮೇಲ್ಮನವಿಯ ನಂತರ ಬಂತು. ಬಣ್ಣ ಬಳಿದ ಕಾಮಗಾರಿಯ ಬಿಲ್ಲು ಇತ್ತು, ನಕ್ಷೆ ಇತ್ತು. ಪಥವನ್ನು ಮೀಸಲೆಂದು ಘೋಷಿಸಿದ ಆದೇಶ ಮಾತ್ರ ಲಭ್ಯವಿರಲಿಲ್ಲ. ಪೊಲೀಸರ ಉತ್ತರ ಇನ್ನೂ ನೇರವಾಗಿತ್ತು: ನೋ ಪಾರ್ಕಿಂಗ್ ಅಧಿಸೂಚನೆ ಇಲ್ಲದ ಕಾರಣ ಪ್ರಕರಣ ದಾಖಲಿಸಿಲ್ಲ. ಇಷ್ಟು ದಿನ ಇಬ್ಬರೂ ಪರಸ್ಪರರ ಕಡೆ ಬೆರಳು ತೋರಿಸುತ್ತಿದ್ದುದಕ್ಕೆ ಕಾರಣ ಆಗ ಸ್ಪಷ್ಟವಾಯಿತು. ಕಾನೂನಿನ ಕಣ್ಣಿನಲ್ಲಿ ಅಲ್ಲಿ ಪಥವೇ ಇರಲಿಲ್ಲ. ಎರಡೂ ಉತ್ತರಗಳನ್ನು ಲಗತ್ತಿಸಿ ಆಯುಕ್ತರಿಗೂ ಸಂಚಾರ ವಿಭಾಗದ ಹಿರಿಯ ಅಧಿಕಾರಿಗೂ ಒಂದೇ ಮನವಿ ಕೊಟ್ಟು, ಆಸುಪಾಸಿನ ಶಾಲೆಯ ಪೋಷಕರ ಸಹಿಗಳನ್ನೂ ಸೇರಿಸಿದೆ. ಶಾಲೆಯ ಮುಂದಿನ ಭಾಗಕ್ಕೆ ಫಲಕಗಳು ಬಂದವು, ಅಲ್ಲಿ ಈಗ ಟೋಯಿಂಗ್ ಆಗುತ್ತದೆ. ಉಳಿದ ಉದ್ದಕ್ಕೆ ಇನ್ನೂ ಆಗಿಲ್ಲ, ಅದರ ಕಡತ ನಡೆಯುತ್ತಿದೆ.

ಆದೇಶ ಎಲ್ಲಿದೆ ಎಂಬ ಇದೇ ಪ್ರಶ್ನೆಯನ್ನು ಸೈಕಲ್ ನಿಷೇಧಗಳ ವಿಷಯದಲ್ಲೂ ಕೇಳಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೋಗಳ ಜೊತೆ ಮೋಟಾರುರಹಿತ ವಾಹನಗಳನ್ನೂ ನಿಷೇಧಿಸಿದ್ದು ಗೆಜೆಟ್ ಅಧಿಸೂಚನೆಯ ಮೂಲಕ. ಅದನ್ನು ಪಾಲಿಸಲೇಬೇಕು, ಸರ್ವಿಸ್ ರಸ್ತೆ ತುಂಡಾಗದಂತೆ ಇರಬೇಕೆಂದು ಕೇಳಲೂ ಬೇಕು. ಆದರೆ ಫಲಕವೂ ಇಲ್ಲದ ಮೇಲ್ಸೇತುವೆಯ ಬುಡದಲ್ಲಿ ಲಾಠಿ ಅಡ್ಡ ಹಿಡಿದು ‘ಸೈಕಲ್ ಬಿಡಲ್ಲ’ ಎನ್ನುವುದು ಬೇರೆ ವಿಷಯ. ಅಂಥ ಕಡೆ ನಾನು ಅಲ್ಲೇ ಜಗಳವಾಡುವುದಿಲ್ಲ, ವಾಪಸು ಬಂದು ಆದೇಶದ ಪ್ರತಿಗೆ ಅರ್ಜಿ ಹಾಕುತ್ತೇನೆ. ಒಮ್ಮೆ ಅಂಥ ಆದೇಶವೇ ಇಲ್ಲವೆಂದು ಉತ್ತರ ಬಂತು. ಆ ಪತ್ರದ ಪ್ರತಿ ಈಗ ನನ್ನ ಸೀಟಿನ ಕೆಳಗಿನ ಚೀಲದಲ್ಲಿರುತ್ತದೆ, ಅದನ್ನು ತೋರಿಸಿದ ಮೇಲೆ ಯಾರೂ ತಡೆದಿಲ್ಲ.

ಕರ್ನಾಟಕದಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯವು ಪಾದಚಾರಿ ಮತ್ತು ಸೈಕಲ್ ಸವಾರರ ಹಕ್ಕುಗಳಿಗಾಗಿ ಸಕ್ರಿಯ ಚಲನಶೀಲತೆಯ (ನಡಿಗೆ, ಸೈಕಲ್‌ನಂಥ ಮೋಟಾರಿಲ್ಲದ ಓಡಾಟದ) ಮಸೂದೆಯೊಂದರ ಕರಡನ್ನು 2021ರಲ್ಲೇ ಸಿದ್ಧಪಡಿಸಿತ್ತು. ಕರಡು ಚೆನ್ನಾಗಿತ್ತು. ಇತ್ತ ಮೋಟಾರು ವಾಹನ ಕಾಯಿದೆಯ 138(1ಎ) ಕಲಮು ಮೋಟಾರುರಹಿತ ವಾಹನಗಳ ಬಗ್ಗೆ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿದ್ದು, ಸುಪ್ರೀಂ ಕೋರ್ಟು 2025ರ ಅಕ್ಟೋಬರ್‌ನಲ್ಲಿ ಈ ನಿಯಮಗಳನ್ನು 6 ತಿಂಗಳೊಳಗೆ ರೂಪಿಸುವಂತೆ ರಾಜ್ಯಗಳಿಗೆ ನಿರ್ದೇಶಿಸಿತು. ‘ನಿಯಂತ್ರಣ’ದ ಹೆಸರಿನಲ್ಲಿ ಬರುವ ನಿಯಮ ಸೈಕಲ್ ಅನ್ನು ರಸ್ತೆಯಿಂದ ಹೊರದೂಡುವ ನಿಯಮವಾಗಬಾರದು ಎಂಬ ಆತಂಕದಿಂದ ನಾನು ಸಾರಿಗೆ ಇಲಾಖೆಗೆ ಸಲಹೆಗಳನ್ನು ಬರೆದು ಕಳಿಸಿದ್ದೇನೆ. ಬಣ್ಣ ಬಳಿದ ಪ್ರತಿ ಪಥಕ್ಕೂ ಅಧಿಸೂಚನೆ ಕಡ್ಡಾಯವಾಗಲಿ. ಪರ್ಯಾಯ ದಾರಿ ತೋರಿಸದೆ ಯಾವ ರಸ್ತೆಯಲ್ಲೂ ಸೈಕಲ್ ನಿಷೇಧಿಸುವಂತಿಲ್ಲವೆಂದಾಗಲಿ. ಅಪಘಾತದಲ್ಲಿ ವಶಪಡಿಸಿಕೊಂಡ ಸೈಕಲ್ ಅನ್ನು ಫೋಟೋ ಮತ್ತು ಮಹಜರು ಮುಗಿದ ಕೂಡಲೇ ಸವಾರನ ಮುಚ್ಚಳಿಕೆ ಪಡೆದು ಠಾಣೆಯ ಮಟ್ಟದಲ್ಲೇ ಬಿಟ್ಟುಕೊಡಲು ಅವಕಾಶವಾಗಲಿ ಎಂದು ಕೇಳಿದ್ದೇನೆ. ಈ ಕೊನೆಯ ಸಲಹೆಯ ಕೆಳಗೆ ನಮ್ಮ ಬೀದಿಯ ಆ ಕಾವಲುಗಾರರೂ ಸಹಿ ಹಾಕಿದ್ದಾರೆ.